ನಮ್ಮ ಪೋಡಾ ಮೇಷ್ಟ್ರು

ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಪೋಡಾ ಮೇಷ್ಟ್ರು ತೀರಿಹೋಗಿ ಎರಡು ತಿಂಗಳಾಯಿತು. ಕಾಲೇಜು ಪತ್ರಿಕೆಗೆ ಏನಾದರೂ ಬರೆದುಕೊಡಿ ಸರ್ ಅಂತ ಹುಡುಗರು ಫೋನ್ ಮಾಡಿದಾಗ ನನಗೆ ಬೇರೆ ವಿಷಯವೇ ಹೊಳೆಯಲಿಲ್ಲ. ಅವರ ನಿಜವಾದ ಹೆಸರು ಇಲ್ಲಿ ಬೇಡ. ನಮ್ಮ ಬ್ಯಾಚಿನ ಅರ್ಧ ಜನಕ್ಕೆ ಅದು ಗೊತ್ತೂ ಇರಲಿಲ್ಲ.

ಆ ಅಡ್ಡಹೆಸರು ಬಂದದ್ದು ಮೊದಲನೇ ಕ್ಲಾಸಿನಲ್ಲೇ. ಬೋರ್ಡಿನ ಮೇಲೆ ಆರ್ತ್ರೊಪೋಡ (ಜಿರಲೆ, ಜೇಡ, ಏಡಿಗಳೆಲ್ಲ ಸೇರುವ ಗುಂಪು) ಅಂತ ಬರೆದು ಗಟ್ಟಿಯಾಗಿ ಓದಿದರು. ಹಿಂದಿನ ಬೆಂಚಿನಿಂದ ಯಾರೋ ತಮಿಳು ಸಿನಿಮಾ ಧಾಟಿಯಲ್ಲಿ "ಪೋಡಾ!" ಅಂದ, ಹೋಗೋಲೋ ಅನ್ನೋ ಹಾಗೆ. ಕ್ಲಾಸು ಘೊಳ್ಳೆಂದಿತು. ಮೇಷ್ಟ್ರು ಬೈಯಲಿಲ್ಲ. ಆ ಪದದ ನಡುವೆ ಚಾಕ್‌ಪೀಸಿನಲ್ಲಿ ಉದ್ದಕ್ಕೆ ಒಂದು ಗೀಟು ಎಳೆದರು.

"ಆರ್ತ್ರೊ ಅಂದ್ರೆ ಕೀಲು. ಅಜ್ಜಿಗೆ ಆರ್ತ್ರೈಟಿಸ್ ಅಂತೀರಲ್ಲ, ಅದೇ. ಪೋಡ ಅಂದ್ರೆ ಪಾದ ಕಣಯ್ಯಾ. ಗ್ರೀಕಿನ ಪೋಡ, ಸಂಸ್ಕೃತದ ಪಾದ, ಎರಡೂ ಒಂದೇ ಬೇರಿನವು. ಕಿವಿಗೆ ಕೇಳಿಸಲ್ವಾ?"

ಕೇಳಿಸಿತು. ಆಮೇಲೆ ಸಾಲಾಗಿ ಬಂದವು. ಆಕ್ಟೋಪಸ್ ಅಷ್ಟಪಾದ. ಏಡಿ, ಸಿಗಡಿಗಳ ಗುಂಪು ಡೆಕಾಪೋಡ, ಅಂದರೆ ದಶಪಾದ. ಬಸವನಹುಳು ಗ್ಯಾಸ್ಟ್ರೊಪೋಡ, ಹೊಟ್ಟೆಯನ್ನೇ ಕಾಲು ಮಾಡಿಕೊಂಡದ್ದು. ಇಂಗ್ಲಿಷು ಅಂತ ನಾವು ಹೆದರಿ ಕೂತಿದ್ದ ಪದಗಳೆಲ್ಲ ದೂರದ ನೆಂಟರು ಅಂತ ಗೊತ್ತಾದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು?

ಸಿಲಬಸ್ಸಿನಲ್ಲಿ ಇನ್ನೇನಿತ್ತೋ, ದೇವರಾಣೆ ನೆನಪಿಲ್ಲ. ಆದರೆ ಮೊದಲ ಡಿಸೆಕ್ಷನ್ ದಿನ ಚೆನ್ನಾಗಿ ನೆನಪಿದೆ. ಮೇಣದ ಟ್ರೇಯಲ್ಲಿ ಜಿರಲೆ ಮಲಗಿಸಿ, ರೆಕ್ಕೆ ಅಗಲಿಸಿ ಗುಂಡುಪಿನ್ನು ಚುಚ್ಚಿ, ಕತ್ತರಿ ಹಿಡಿದು ಉಸಿರು ಬಿಗಿಹಿಡಿದು ಕೂತಿದ್ದೇವೆ. ಮೇಷ್ಟ್ರು ಬಂದವರೇ "ಜಿರಲೆ ಆಮೇಲೆ, ಮೊದಲು ಹೆಸರು ಕೊಯ್ಯಿರಿ" ಅಂದರು. ಪೆರಿಪ್ಲಾನೆಟಾ ಅಮೆರಿಕಾನಾ. ಪೆರಿ ಅಂದರೆ ಸುತ್ತ, ಪ್ಲಾನೆಟಾ ಅಂದರೆ ಅಲೆಯುವುದು. ನಕ್ಷತ್ರಗಳ ನಡುವೆ ಒಂದು ಕಡೆ ನಿಲ್ಲದೆ ತಿರುಗುತ್ತವೆ ಅಂತ ಗ್ರೀಕರು ಗ್ರಹಗಳನ್ನು ಕರೆದದ್ದೂ ಇದೇ ಪದದಿಂದ. ಗುರು, ಶನಿ ಮತ್ತು ಬಚ್ಚಲಿನ ಜಿರಲೆ, ಮೂವರೂ ಅಲೆಮಾರಿಗಳೇ!

"ಅಮೆರಿಕಾನಾ ಅಂದ್ರೆ ಅಮೆರಿಕದ್ದಾ ಸರ್?"

"ಅದು ಶುದ್ಧ ಸುಳ್ಳು" ಅಂದರು. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಹಾಗಂತ ಹೆಸರಿಟ್ಟ, ಪ್ರಾಣಿ ನೋಡಿದರೆ ಆಫ್ರಿಕಾ ಮೂಲದ್ದು, ಹಡಗು ಹತ್ತಿಕೊಂಡು ಹೋದದ್ದು. ತಪ್ಪು ಅಂತ ಗೊತ್ತಾದರೂ ಮೊದಲು ಇಟ್ಟ ಹೆಸರೇ ನಿಲ್ಲಬೇಕು, ಅದು ರೂಲು. 1834ರಲ್ಲಿ ಯಾವುದೋ ಪಳೆಯುಳಿಕೆಯ ಮೂಳೆ ನೋಡಿ ದೊಡ್ಡ ಸರೀಸೃಪ ಅಂದುಕೊಂಡು ಬ್ಯಾಸಿಲೊಸಾರಸ್ ಅಂತ ಕರೆದುಬಿಟ್ಟರಂತೆ, ಹಲ್ಲಿಗಳ ರಾಜ ಅಂತ. ಆಮೇಲೆ ನೋಡಿದರೆ ಅದು ತಿಮಿಂಗಿಲ. ಡೈನೋಸಾರ್ ಅನ್ನೋ ಪದವನ್ನೇ ಹುಟ್ಟಿಸಿದ ರಿಚರ್ಡ್ ಓವೆನ್ ಬೇರೆ ಹೆಸರು ಕೊಡಲು ನೋಡಿದರೂ ನಡೆಯಲಿಲ್ಲ. ಪಾಪ, ತಿಮಿಂಗಿಲ ಇವತ್ತಿಗೂ ಹಲ್ಲಿಯೇ.

ಈ ವಿದ್ಯೆ ನಮ್ಮ ಕೈಗೆ ಸಿಕ್ಕಿದ್ದು ಮಂಗನ ಕೈಗೆ ಮಾಣಿಕ್ಯ ಸಿಕ್ಕ ಹಾಗಾಯಿತು. ಕೆಮಿಸ್ಟ್ರಿ ಮೇಷ್ಟ್ರದು ಫಳಫಳ ಹೊಳೆಯುವ ಬೋಳುತಲೆ. ಜಿಮ್ನೋಸ್ ಅಂದರೆ ಬೆತ್ತಲೆ (ಗ್ರೀಕರು ಬಟ್ಟೆ ಬಿಚ್ಚಿ ಕಸರತ್ತು ಮಾಡುತ್ತಿದ್ದರು, ಈಗ ಎಲ್ಲರೂ ಹೋಗುವ ಜಿಮ್ ಬಂದದ್ದೂ ಅಲ್ಲಿಂದಲೇ), ಕೆಫಲೆ ಅಂದರೆ ತಲೆ. ಒಂದು ಬೆಳಗ್ಗೆ ಕೆಮಿಸ್ಟ್ರಿ ಲ್ಯಾಬಿನ ಬಾಗಿಲ ಮೇಲೆ, ಸತ್ತ ಪ್ರಾಣಿ ಕೆಡದಂತೆ ಮುಳುಗಿಸಿಡುವ ಫಾರ್ಮಲಿನ್ ಜಾಡಿಗೆ ಅಂಟಿಸುವಂಥ ಲೇಬಲ್ಲಿನಲ್ಲಿ, 'ಜಿಮ್ನೊಸೆಫಾಲಸ್ ಕೆಮಿಕಸ್' ಅಂತ ಇತ್ತು. ಐಡಿಯಾ ನನ್ನದು. ನಮ್ಮ ಬ್ಯಾಚಿನ ಇನ್ನಿಬ್ಬರು ಇವತ್ತಿಗೂ ತಮ್ಮದು ಅಂತ ಹೇಳಿಕೊಂಡು ತಿರುಗುತ್ತಾರೆ, ಅಚ್ಚಿನಲ್ಲಿ ಮೊದಲು ಬರೀತಿರೋದು ನಾನು, ರೂಲಿನ ಪ್ರಕಾರ ಹೆಸರು ನನ್ನದೇ.

ಸಿಕ್ಕಿಬಿದ್ದದ್ದು ಕೈಬರಹದಿಂದ. ನನ್ನ ಅಕ್ಷರ ದುಂಡಗಿತ್ತು ಅಂತ ಮ್ಯೂಸಿಯಮ್ಮಿನ ಲೇಬಲ್‌ಗಳನ್ನು ನನ್ನಿಂದಲೇ ಬರೆಸುತ್ತಿದ್ದರು. ಪೋಡಾ ಮೇಷ್ಟ್ರು ಕರೆಸಿ ಆ ಚೀಟಿಯನ್ನು ಮೇಜಿನ ಮೇಲಿಟ್ಟರು. ನನಗೆ ಕಾಲು ನಡುಗುತ್ತಿತ್ತು.

"ಈ ಹೆಸರು ಚಲಾವಣೆ ಆಗಲ್ಲ" ಅಂದರು. "ಜಿಮ್ನೊಸೆಫಾಲಸ್ ಅಂತ ಯೂರೋಪಿನ ಒಂದು ಮೀನಿಗೆ ಆಗಲೇ ಇಟ್ಟಾಗಿದೆ. ಒಂದು ಪ್ರಾಣಿಯ ಕುಲಕ್ಕೆ ಕೊಟ್ಟ ಹೆಸರನ್ನ ಇನ್ನೊಂದಕ್ಕೆ ಕೊಡೋ ಹಾಗಿಲ್ಲ. ಅಲ್ಲದೆ ಎರಡನೇ ಪದದ ಮೊದಲಕ್ಷರ ಚಿಕ್ಕದಾಗಿರಬೇಕು, ನೀನು ದೊಡ್ಡದು ಬರೆದಿದ್ದೀಯ."

ಬೈಗುಳಕ್ಕೆ ಕಾದಿದ್ದವನಿಗೆ ಪ್ಲಾಟಿಪಸ್ ಕಥೆ ಸಿಕ್ಕಿತು. ಬಾತುಕೋಳಿ ಕೊಕ್ಕಿನ, ಮೊಟ್ಟೆಯಿಡುವ ಆಸ್ಟ್ರೇಲಿಯಾದ ಆ ಪ್ರಾಣಿಗೆ 1799ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಚಪ್ಪಟೆ ಪಾದ ಅನ್ನೋ ಅರ್ಥದಲ್ಲಿ ಪ್ಲಾಟಿಪಸ್ ಅಂತ ಇಟ್ಟ. ಅಷ್ಟರಲ್ಲಾಗಲೇ ಮರ ಕೊರೆಯುವ ಒಂದು ದುಂಬಿ ಆ ಹೆಸರು ಹೊಡೆದುಕೊಂಡಿತ್ತು. ಹಾಗಾಗಿ ಅದೀಗ ಆರ್ನಿತೊರಿಂಕಸ್, ಹಕ್ಕಿಮೂತಿ. ಕಥೆ ಮುಗಿಸಿ, ಮ್ಯೂಸಿಯಮ್ಮಿನ ಅಷ್ಟೂ ಜಾಡಿಗಳಿಗೆ ಹೆಸರು ಬಿಡಿಸಿ ಅರ್ಥದ ಸಮೇತ ಹೊಸ ಲೇಬಲ್ ಬರಿ ಅಂದರು. ಹನ್ನೊಂದು ದಿನ ಹಿಡಿಯಿತು. ನಾನು ಕಾಲೇಜು ಬಿಟ್ಟು ಎಷ್ಟೋ ವರ್ಷ ಆದ ಮೇಲೂ ಅವು ಅಲ್ಲೇ ಇದ್ದವಂತೆ, ಕೇಳಿ ನೋಡಿ ಬೇಕಾದರೆ.

ಮೊನ್ನೆ ತಂಗಿಯ ಮಗಳು ಎಂಟ್ರೆನ್ಸಿಗೆ ಓದುತ್ತಿದ್ದಳು. ಜಿರಲೆಯ ಹೆಸರು ಕೇಳಿದೆ. ನಾಲ್ಕು ಆಪ್ಷನ್ ಕೊಡುವ ಮುಂಚೆಯೇ ಪಟ್ ಅಂತ ಹೇಳಿದಳು. ಹಾಗಂದ್ರೇನು ಅಂತ ಕೇಳಿದರೆ "ಅಂದ್ರೆ ಜಿರಲೆ" ಅಂದಳು. ನಾನು ಗ್ರಹಗಳಿಂದ ಶುರು ಮಾಡಿದೆ. ಅರ್ಧ ಕೇಳಿ "ಇದಕ್ಕೆ ಮಾರ್ಕ್ಸ್ ಬರುತ್ತಾ ಮಾಮ?" ಅಂದಳು. ಬರಲ್ಲ ಅಂದೆ. ಅವಳ ತಪ್ಪಿಲ್ಲ ಬಿಡಿ, ಒಂದೊಂದು ಪ್ರಶ್ನೆಗೂ ನಿಮಿಷದ ಲೆಕ್ಕ ಇರುವ ಕಡೆ ಗೀಟು ಎಳೆಯೋಕೆ ಪುರುಸೊತ್ತು ಯಾರಿಗಿದೆ. ನಾನಂತೂ ಗೀಟು ಎಳೆದುಕೊಂಡೇ ಕಾಲೇಜಿಗೆ ಎರಡನೆಯವನಾಗಿ ಬಂದೆ, ಸುಮ್ನೆ ಹೇಳಿದೆ.

ಮೇಷ್ಟ್ರ ಶ್ರದ್ಧಾಂಜಲಿ ಸಭೆಗೆ ಕೆಮಿಸ್ಟ್ರಿ ಮೇಷ್ಟ್ರೂ ಬಂದಿದ್ದರು. ಕೋಲು ಹಿಡಿದಿದ್ದರು, ತಲೆ ಮಾತ್ರ ಅದೇ ಹೊಳಪು. ನನ್ನ ಗುರುತು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ಅವತ್ತು ಬಾಗಿಲಿಗೆ ಅಂಟಿಸಿದ್ದು ನೀನೇ ತಾನೆ? ಗೇಲಿ ಮಾಡ್ತಿದ್ದಾರೆ ಅಂತ ನನಗೆ ಸಿಟ್ಟು ಬಂದಿತ್ತು ನೋಡು. ಆಮೇಲೆ ಇವರೇ ಅರ್ಥ ಹೇಳಿದರು. ಗ್ರೀಕಿನಲ್ಲಿ ಮುಚ್ಚುಮರೆ ಇಲ್ಲದವನು ಅಂತಂತೆ. ಎಷ್ಟು ಖುಷಿಯಾಯ್ತು ಗೊತ್ತಾ? ಸರಿ ತಾನೆ ಅರ್ಥ?"

"ಸರಿ ಸರ್" ಅಂದೆ.