ಹೂಮಾಲೆ ಬಿದ್ದ ಊರಿನಲ್ಲಿ

ಶ್ರೀಲಂಕಾದ ಉತ್ತರ ತುದಿಯ ಜಾಫ್ನಾಕ್ಕೆ ಬಂದು ಎರಡು ವರ್ಷವಾಗುತ್ತ ಬಂತು. ಆ ಹೆಸರು ನಕಾಶೆಯಲ್ಲಿ ಮಾತ್ರ. ಇಲ್ಲಿಯವರ ಬಾಯಲ್ಲಿ ಇದು ಯಾಳ್ಪಾಣ. ಬೆಂಗಳೂರಿನಲ್ಲಿ ಕಲಿತ ನನ್ನ ತಮಿಳು ಅಂಗಡಿಯಲ್ಲಿ ಎರಡೇ ಮಾತಿಗೆ ಗುಟ್ಟು ಬಿಟ್ಟುಕೊಡುತ್ತದೆ. ಇವರು ಹೌದು ಎನ್ನಲು ‘ಓಂ’ ಎನ್ನುತ್ತಾರೆ, ನಾನು ‘ಆಮಾ’ ಎನ್ನುತ್ತೇನೆ. ಕೂಡಲೇ ‘ಇಂದಿಯಾವಾ?’ ಎಂಬ ಪ್ರಶ್ನೆ. ಹುಡುಗರಾದರೆ ಮುಂದಿನ ಮಾತು ಸಿನಿಮಾಕ್ಕೆ ಹೋಗುತ್ತದೆ. ಬೆಂಗಳೂರಿನವನೆಂದರೆ ರಜನೀಕಾಂತ್ ಕಂಡಕ್ಟರ್ ಆಗಿದ್ದ ಬಸ್ಸಿನ ವಿಚಾರಣೆಯೂ ಆಗುತ್ತದೆ. ಅರವತ್ತು ದಾಟಿದವರು ಮಾತ್ರ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಚಿಲ್ಲರೆ ಎಣಿಸುತ್ತಾರೆ. ಆ ಮೌನ ಏನೆಂದು ತಿಳಿಯಲು ನನಗೆ ಕೆಲವು ತಿಂಗಳು ಬೇಕಾಯಿತು.

ನಾನು ಬಾಡಿಗೆಗಿರುವ ಮನೆಯ ಯಜಮಾನರು ನಿವೃತ್ತ ಗಣಿತ ಮೇಷ್ಟ್ರು. ಇಡೀ ಬೀದಿಗೆ ಅವರು ‘ಮಾಸ್ಟರ್’, ನನಗೂ ಹಾಗೆಯೇ. ಸಂಜೆ ಅವರ ಹೆಂಡತಿ, ನನಗೆ ‘ಅಮ್ಮ’, ಹಾಲಿಲ್ಲದ ಚಹಾ ತರುತ್ತಾರೆ, ಜೊತೆಗೆ ಕಚ್ಚಿಕೊಳ್ಳಲು ತಾಳೆಬೆಲ್ಲದ ಚೂರು. ಒಂದು ಸಂಜೆ ಗೇಟಿನ ಕಂಬದಲ್ಲಿ ಸುಣ್ಣದಡಿಯಿಂದ ಇಣುಕುತ್ತಿದ್ದ ತೂತುಗಳನ್ನು ನೋಡಿ, “ಇವು ಸಿಂಹಳ ಸೈನ್ಯದವೇ ಮಾಸ್ಟರ್?” ಎಂದೆ. ಅವರು ಲೋಟದಿಂದ ತಲೆಯೆತ್ತದೆ, “ಇಲ್ಲ ತಂಬಿ, ಅವು ನಿಮ್ಮವು” ಎಂದರು.

ನಾಚಿಕೆಯ ಮಾತು, ಆದರೂ ಹೇಳುತ್ತೇನೆ. ಈ ಯುದ್ಧದ ಬಗ್ಗೆ ನನಗೆ ಗೊತ್ತಿದ್ದದ್ದು ಕೋಣನಕುಂಟೆಯ ಒಂದು ಮನೆ ಮಾತ್ರ. 1991ರ ಆಗಸ್ಟ್‌ನಲ್ಲಿ ಎಲ್‌ಟಿಟಿಇಯ, ಅಂದರೆ ತಮಿಳು ಹುಲಿಗಳ, ಶಿವರಸನ್ ಮತ್ತು ಸಂಗಡಿಗರು ಅಲ್ಲಿ ಹೆಣವಾಗಿ ಸಿಕ್ಕಾಗ ನಾನು ಮೂರನೆಯ ತರಗತಿ. ನಮ್ಮ ಮನೆ ಅಲ್ಲಿಂದ ದೂರವಿರಲಿಲ್ಲ. ರಾಜೀವ್ ಗಾಂಧಿಯವರನ್ನು ಕೊಂದವರು ಸತ್ತರು ಎಂಬಲ್ಲಿಗೆ ಕಥೆ ಮುಗಿದಿತ್ತು. ಕಥೆಯ ಮೊದಲ ಭಾಗವನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ಮೊದಲ ಭಾಗಕ್ಕೂ ನಮ್ಮ ಊರೇ ಸಾಕ್ಷಿ. ಲಂಕಾದಲ್ಲಿ 1983ರ ತಮಿಳರ ಹತ್ಯಾಕಾಂಡದ ನಂತರ ತಮಿಳು ಯುವಕರಿಗೆ ಭಾರತ ಗುಟ್ಟಾಗಿ ಶಸ್ತ್ರ ತರಬೇತಿ ಕೊಟ್ಟಿತ್ತು. 1987ರ ಬೇಸಿಗೆಯಲ್ಲಿ ಲಂಕಾ ಸೈನ್ಯ ಜಾಫ್ನಾವನ್ನು ಬಿಗಿಹಿಡಿದಾಗ, ಭಾರತ ಮೀನುಗಾರರ ದೋಣಿಗಳಲ್ಲಿ ಆಹಾರ ಕಳಿಸಿತು. ಲಂಕಾದ ನೌಕಾಪಡೆ ಹಿಂದಕ್ಕಟ್ಟಿತು. ಮರುದಿನ, ಜೂನ್ 4ರಂದು, ಬೆಂಗಳೂರಿನಿಂದ ಹೊರಟ ಐದು ಸಾರಿಗೆ ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಬಂದು ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿಯನ್ನು ಪ್ಯಾರಾಚೂಟಿನಲ್ಲಿ ಇಳಿಸಿದವು. ಕಾರ್ಯಾಚರಣೆಯ ಹೆಸರು ಪೂಮಾಲೈ, ಅಂದರೆ ಹೂಮಾಲೆ. ಅಮ್ಮ ಆ ದಿನ ಅಂಗಳದಲ್ಲಿ ನಿಂತು ಕೈ ಬೀಸಿದ್ದರಂತೆ. “ಅನ್ನಕ್ಕಲ್ಲ ತಂಬಿ. ಕೇಳುವವರು ಒಬ್ಬರಿದ್ದಾರಲ್ಲ ಎಂದು.”

ಜುಲೈ 29ರಂದು ರಾಜೀವ್ ಮತ್ತು ಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಹುಲಿಗಳು 72 ಗಂಟೆಗಳಲ್ಲಿ ಶಸ್ತ್ರ ಒಪ್ಪಿಸಬೇಕು, ಭಾರತದ ಶಾಂತಿಪಾಲನಾ ಪಡೆ ಅದನ್ನು ನೋಡಿಕೊಳ್ಳಬೇಕು. ಇಡೀ ಲೆಕ್ಕ ಇಷ್ಟೇ ಆಗಿತ್ತು. ಒಪ್ಪಂದದಲ್ಲಿ ಹುಲಿಗಳ ಸಹಿ ಇರಲಿಲ್ಲ ಎಂಬುದು ಮಾಸ್ಟರ್ ಪ್ರತಿ ಸಲ ಬೆರಳೆತ್ತಿ ಹೇಳುವ ಮಾತು. “ಸಮೀಕರಣದಲ್ಲಿ ಒಂದು ಪದವನ್ನೇ ಬಿಟ್ಟು ಉತ್ತರ ಬರೆದರು.” ಸೆಪ್ಟೆಂಬರಿನಲ್ಲಿ ನಲ್ಲೂರು ದೇವಸ್ಥಾನದ ಬಳಿ ನೀರನ್ನೂ ಮುಟ್ಟದೆ ಉಪವಾಸ ಕುಳಿತ ಹುಲಿಗಳ ತಿಲೀಪನ್ ಹನ್ನೆರಡನೆಯ ದಿನ ತೀರಿಕೊಂಡ. ಅಕ್ಟೋಬರಿನಲ್ಲಿ ಭಾರತದ ಪಡೆಗೂ ಹುಲಿಗಳಿಗೂ ಯುದ್ಧ ಶುರುವಾಯಿತು.

ಮೊದಲ ರಾತ್ರಿಯೇ, ಅಕ್ಟೋಬರ್ 11ರಂದು, ಹುಲಿಗಳ ನಾಯಕರನ್ನು ಹಿಡಿಯಲು ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಕಮಾಂಡೊಗಳನ್ನು ಇಳಿಸಿದರು. ಹುಲಿಗಳಿಗೆ ಸುಳಿವು ಮೊದಲೇ ಸಿಕ್ಕಿತ್ತು. ಜೊತೆಗಿಳಿದ ಸಿಖ್ ತುಕಡಿಯ ಮೂವತ್ತು ಜನರಲ್ಲಿ ಇಪ್ಪತ್ತೊಂಬತ್ತು ಮಂದಿ ಸತ್ತರು. ಉಳಿದ ಒಬ್ಬ ಸೆರೆಯಾದ. ಆ ಬೀದಿಗಳಲ್ಲಿ ನಾನು ದಿನವೂ ಸೈಕಲ್ ಹೊಡೆಯುತ್ತೇನೆ. ಎರಡೂ ಕಡೆ ಬೇಲಿ, ಹತ್ತು ಹೆಜ್ಜೆಗೊಂದು ತಿರುವು, ತಿರುವಿನಾಚೆ ಏನಿದೆ ಕಾಣುವುದಿಲ್ಲ. ರಸ್ತೆಯಡಿ ನೆಲಬಾಂಬು, ಮನೆಗಳ ಹಿಂದೆ ಬಂದೂಕು. ಪಂಜಾಬಿನಿಂದ ಬಂದ ಹುಡುಗನಿಗೆ ಯಾರು ಹುಲಿ, ಯಾರು ಹಾಲು ತರಲು ಹೊರಟವನು ಎಂದು ಹೇಗೆ ಗೊತ್ತಾಗಬೇಕು? ಅದಕ್ಕೇ ಮುಖವಾಡ ಹಾಕಿದ ಮಾಹಿತಿದಾರರನ್ನು ಕೂರಿಸಿಕೊಂಡು ಊರವರನ್ನು ಸಾಲಾಗಿ ನಡೆಸುತ್ತಿದ್ದರು. ಇಲ್ಲಿ ಅಂಥವನಿಗೆ ‘ತಲೆಯಾಟ್ಟಿ’ ಎಂಬ ಹೆಸರು. ಅವನು ತಲೆಯಾಡಿಸಿದರೆ ನಿಮ್ಮ ಕಥೆ ಮುಗಿಯಿತು. ಮಾಸ್ಟರ್ ಎರಡು ಸಲ ಆ ಸಾಲಿನಲ್ಲಿ ನಡೆದಿದ್ದಾರೆ.

ಕೆಲವೇ ದಿನಗಳ ಕೆಲಸ ಎಂದುಕೊಂಡಿದ್ದ ಜಾಫ್ನಾ ಪಟ್ಟಣ ಕೈಗೆ ಬರಲು ಎರಡು ವಾರ ಹಿಡಿಯಿತು. ಆ ಅವಧಿಯಲ್ಲಿ ಅಮ್ಮ ಇಬ್ಬರು ಮಕ್ಕಳೊಂದಿಗೆ ಸಾವಿರಾರು ಜನರ ನಡುವೆ ನಲ್ಲೂರು ದೇವಸ್ಥಾನದಲ್ಲಿದ್ದರು. ದೀಪಾವಳಿಯ ದಿನ, ಅಕ್ಟೋಬರ್ 21ರಂದು, ಸೈನ್ಯ ಜಾಫ್ನಾ ಆಸ್ಪತ್ರೆಗೆ ನುಗ್ಗಿತು. ವೈದ್ಯರು, ದಾದಿಯರು, ರೋಗಿಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಗುಂಡು ಬಂತು ಎಂದಿತು ಸೈನ್ಯ. ಪ್ರತಿವರ್ಷ ಆ ದಿನ ಆಸ್ಪತ್ರೆಯಲ್ಲಿ ಸತ್ತ ಸಿಬ್ಬಂದಿಯ ಭಾವಚಿತ್ರಗಳ ಮುಂದೆ ದೀಪ ಹಚ್ಚುತ್ತಾರೆ. ಕಳೆದ ವರ್ಷ ನಾನೂ ಹೋಗಿ ಹಿಂದೆ ನಿಂತಿದ್ದೆ. ಯಾರೂ ಏನೂ ಅನ್ನಲಿಲ್ಲ.

ಮುಂದಿನದು ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಒಂದು ಡಿವಿಷನ್ ಸಾಲದೆ ನಾಲ್ಕಾದವು, ಸೈನಿಕರ ಸಂಖ್ಯೆ 80,000ದ ಹತ್ತಿರ ಹೋಯಿತು. ಪ್ರೇಮದಾಸ ಅಧ್ಯಕ್ಷರಾಗಿ ಬಂದು ನಮ್ಮನ್ನು ಹೊರಡಿಸಲು ಆ ಹುಲಿಗಳಿಗೇ ಶಸ್ತ್ರ ಕೊಟ್ಟರು. ಹೊರಡುವ ಮುನ್ನ ನಮ್ಮವರು ‘ತಮಿಳು ರಾಷ್ಟ್ರೀಯ ಸೇನೆ’ ಎಂದು ಒಂದನ್ನು ಕಟ್ಟಿಸಿದರು. ಅದಕ್ಕೆ ಹುಡುಗರನ್ನು ಬೀದಿಯಿಂದ ಎಳೆದೊಯ್ದರು; ಅವರಲ್ಲಿ ಮಾಸ್ಟರ್ ಅವರ ಹತ್ತನೆಯ ತರಗತಿಯವನೊಬ್ಬ. ನಮ್ಮ ಸೈನ್ಯ ಹಿಂದೆ ಸರಿದಂತೆ ಹುಲಿಗಳು ಆ ಸೇನೆಯನ್ನು ಅಳಿಸಿ ಹಾಕಿದರು. ಭಾರತದ ಬಗ್ಗೆ ಮಾಸ್ಟರ್‌ಗೆ ನಿಜವಾಗಿ ಕೋಪ ಬರುವುದು ಇಲ್ಲಿಯೇ, ಗೇಟಿನ ತೂತುಗಳಿಗಲ್ಲ.

1990ರ ಮಾರ್ಚ್ 24ರಂದು ಕೊನೆಯ ಸೈನಿಕ ತ್ರಿಂಕೋಮಲೆಯಿಂದ ಹಡಗು ಹತ್ತಿದ. ಸುಮಾರು 1,200 ಮಂದಿ ಮರಳಲಿಲ್ಲ. ಮರಳಿದವರನ್ನು ಎದುರುಗೊಳ್ಳಲು ಕರುಣಾನಿಧಿ ಮದ್ರಾಸಿನ ಬಂದರಿಗೆ ಹೋಗಲಿಲ್ಲ. ಆ ಹುಡುಗರದೇನು ತಪ್ಪಿತ್ತೋ. ಸತ್ತವರಿಗೊಂದು ಸ್ಮಾರಕ ಕೊಲಂಬೊ ಪಕ್ಕದ ಸಂಸತ್ ಭವನದ ಬಳಿ ಇದೆ, ಇನ್ನೊಂದು ಇಲ್ಲಿಯ ಪಲಾಲಿಯಲ್ಲಿ.

ಅವರು ಬಂದಿಳಿದ ಪಲಾಲಿಯಲ್ಲೇ ಈಗ ಚೆನ್ನೈ ವಿಮಾನ ಇಳಿಯುತ್ತದೆ. ಈ ಸಂಕ್ರಾಂತಿಗೆ ನಮ್ಮ ತಾಯಿ ಅದರಲ್ಲಿ ಬಂದರು. ಅಮ್ಮ ಅವರಿಗೆ ಮಲ್ಲಿಗೆ ಮುಡಿಸಿ, ಚಹಾ ಕೊಟ್ಟು, ಬೆಂಗಳೂರಿನಲ್ಲಿ ಮನೆ ಎಲ್ಲಿ ಎಂದು ವಿಚಾರಿಸಿದರು. ತಾಯಿ ತಮ್ಮ ಹರಕು ತಮಿಳಿನಲ್ಲಿ, “ಕೋಣನಕುಂಟೆ ಪಕ್ಕ” ಎಂದುಬಿಟ್ಟರು. ಮಾಸ್ಟರ್ ಲೋಟ ಕೆಳಗಿಟ್ಟು ನನ್ನತ್ತ ನೋಡಿದರು. ಆ ಹೆಸರು ಅವರಿಗೆ ಚೆನ್ನಾಗಿ ಗೊತ್ತು. ಸ್ವಲ್ಪ ಹೊತ್ತಿನ ಮೇಲೆ, “ಅಲ್ಲಿ ಈಗ ಮನೆ ಬಾಡಿಗೆ ಹೇಗಿದೆ?” ಎಂದು ಕೇಳಿದರು.

“ಮೆಟ್ರೊ ಬಂದ ಮೇಲೆ ತುಂಬ ಏರಿದೆ” ಎಂದರು ತಾಯಿ.