ಚೊಯೆ, ಆಂತ್ಸಿ, ಒವ್ವೇರೊ
ಇಟಾಲಿಯನ್ನರ ಹರಟೆಗೆ ಕಿವಿಗೊಟ್ಟರೆ ಮಾತುಮಾತಿಗೂ ‘ಚೊಯೆ’ ಕೇಳಿಸುತ್ತದೆ. ಹೇಳಿದ್ದನ್ನು ಬಿಡಿಸಿ ಹೇಳಲು, ನಮ್ಮ ‘ಅಂದರೆ’ಯಂತೆ, ಇರುವ ಪದ ಅದು. ಹದಿಹರೆಯದವರ ಬಾಯಲ್ಲಿ ಮಾತ್ರ ಹೆಚ್ಚಾಗಿ ಏನನ್ನೂ ಬಿಡಿಸದೆ, ಉಸಿರೆಳೆದುಕೊಳ್ಳಲು ಸಿಕ್ಕ ನೆಪ!

ನನಗೆ ಹೆಚ್ಚು ಇಷ್ಟವಾಗುವುದು ‘ಆಂತ್ಸಿ’. ‘ನೊನ್ ಫಾ ಫ್ರೆದ್ದೊ, ಆಂತ್ಸಿ, ಫಾ ಕಾಲ್ದೊ’: ಚಳಿಯಿಲ್ಲ, ಚಳಿಯೆಲ್ಲಿ ಬಂತು, ಸೆಕೆಯೇ ಇದೆ. ಒಂದು ಮಾತನ್ನು ಅಲ್ಲಗಳೆದು ಸುಮ್ಮನಾಗದೆ ಅದರ ತದ್ವಿರುದ್ಧ ದಿಕ್ಕಿಗೇ ಎಳೆದೊಯ್ಯುವ ಗತ್ತು ಅದರದು. ಅದರೆದುರು ‘ಇನ್‌ಫಾತ್ತಿ’ ಎಂಬ ಪದ ಪಾಪ, ಹಿಂದಿನ ಮಾತಿಗೆ ಹೌದೌದು ಎಂದು ತಲೆಯಾಡಿಸುವ ಸಾಧು.

ತಕರಾರಿನದು ‘ಒವ್ವೇರೊ’. ದಿನಬಳಕೆಯಲ್ಲಿ ‘ಅಂದರೆ’, ಕಾನೂನಿನ ಬರಹದಲ್ಲಿ ಬಹುಮಟ್ಟಿಗೆ ‘ಅಥವಾ’. ದಂಡ ಅಥವಾ ಜೈಲು ಎಂದಿರುವುದನ್ನು ದಂಡವೆಂದರೆ ಜೈಲೇ ಎಂದು ಓದಿಕೊಂಡವನ ಗತಿಯೇನು?