ಗ್ರಾಫಿಕ್ಸ್ ಕಾರ್ಡ್ ಎಲ್ಲಿ ಮಾಮ?

ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಕೆ ಒಂದು ಕಂಪ್ಯೂಟರ್ ಜೋಡಿಸಬೇಕು ಅಂತ ಬಿಡಿಭಾಗಗಳ ಪಟ್ಟಿ ಮಾಡಿದ್ದೆ. ಈ ಭಾನುವಾರ ಅಕ್ಕನ ಮಗ ಅದನ್ನು ಮೇಲಿಂದ ಕೆಳಗೆ ಓದಿದ. ಮತ್ತೆ ಮೇಲಕ್ಕೆ ಹೋದ. ಕೊನೆಗೆ ಕೇಳಿದ: "ಗ್ರಾಫಿಕ್ಸ್ ಕಾರ್ಡ್ ಎಲ್ಲಿ ಮಾಮ?"

"ಬೇಡ ಕಣೋ. ಪರದೆ ಮೇಲೆ ಚಿತ್ರ ತೋರಿಸೋಕೆ ಪ್ರೊಸೆಸರ್ ಒಳಗಿರೋದೇ ಸಾಕು."

ತಮಾಷೆ ಮಾಡ್ತಿದ್ದೀನಾ ಅಂತ ಒಂದು ಕ್ಷಣ ಕಾದ. ಆಮೇಲೆ "ಅಯ್ಯೋ ಪಾಪ" ಅನ್ನೋ ಹಾಗೆ ನೋಡಿದನಲ್ಲ, ಆ ನೋಟ ವಾರವೆಲ್ಲ ನನ್ನ ತಲೆಯಲ್ಲಿ ಸುತ್ತುತ್ತಿದೆ. ಹುಡುಗ ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಪಾಲಿಗೆ ಕಂಪ್ಯೂಟರ್ ಅಂದರೆ ಗೇಮ್. ಪರದೆ ಮೇಲೆ ಕಾಣದೇ ಇದ್ದದ್ದು ಅವನಿಗೆ ಲೆಕ್ಕಕ್ಕೇ ಇಲ್ಲ.

ಮಾತಲ್ಲಿ ಹೇಳಿದರೆ ಆಗುವುದಿಲ್ಲ ಅನ್ನಿಸಿತು. ಹಳೇ ಲ್ಯಾಪ್‌ಟಾಪ್‌ಗೆ ಮಿಡಿ ಕೀಬೋರ್ಡ್ (ಕಂಪ್ಯೂಟರಿನಲ್ಲಿ ಸ್ವರ ನುಡಿಸುವ, ಪಿಯಾನೋ ಥರದ ಕೀಲಿಮಣೆ) ಸಿಕ್ಕಿಸಿ, ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ತಯಾರಿಸುವ ಸದ್ದಿನ ತುಣುಕಿನ ಗಾತ್ರ, 1024ಕ್ಕೆ ಇಟ್ಟು "ನುಡಿಸು" ಅಂದೆ. ಒಂದು ಕೀ ಒತ್ತಿದ. ಇನ್ನೊಮ್ಮೆ ಒತ್ತಿದ. ಹುಬ್ಬು ಗಂಟಿಕ್ಕಿತು. "ಲೇಟಾಗಿ ಬರ್ತಿದೆ ಅಲ್ವಾ?"

ಅಷ್ಟೇ ಬೇಕಿತ್ತು ನನಗೆ! 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಸದ್ದಿನ 48 ಸಾವಿರ ಸ್ಯಾಂಪಲ್ (ಅಳತೆ) ಇದ್ದಾಗ, 1024 ಸ್ಯಾಂಪಲ್ ಅಂದರೆ ಸುಮಾರು 21 ಮಿಲಿಸೆಕೆಂಡ್. ಕೇಳೋಕೆ ಏನೇನೂ ಅಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡ್‌ಗಿಂತ ಕಡಿಮೆ. ಆದರೆ ಆಗ ಪ್ರೊಸೆಸರ್ ಪ್ರತಿ ತುಣುಕನ್ನೂ ಆ ಪುಟ್ಟ ಗಡುವಿನೊಳಗೆ ಮುಗಿಸಲೇಬೇಕು. ಒಮ್ಮೆ ತಪ್ಪಿದರೂ ಪಟ್ ಅಂತ ಸದ್ದು. ವೈಫೈ ನಡೆಸುವ ಡ್ರೈವರ್ ತಂತ್ರಾಂಶ ನಡುವೆ ಬಂದು ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೂ ಅದೇ ಪಟ್. ಗೇಮ್‌ನಲ್ಲಿ ಒಂದು ಫ್ರೇಮ್ ಬಿಟ್ಟುಹೋದರೆ ಕಣ್ಣು ಕ್ಷಮಿಸಿಬಿಡುತ್ತದೆ, ಕಿವಿಗೆ ಆ ದೊಡ್ಡತನ ಇಲ್ಲ.

ಅದಕ್ಕೇ ಪ್ರೊಸೆಸರ್ ಒಳಗಿನ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಸಂಖ್ಯೆಗಿಂತ ಒಂದೊಂದು ಕೋರ್ ಎಷ್ಟು ಚುರುಕು ಅಂತ ಮೊದಲು ನೋಡಿದೆ. ಒಂದು ಟ್ರ್ಯಾಕ್‌ನಲ್ಲಿ ಸಾಲಾಗಿ ಕೂತ ಪ್ಲಗಿನ್‌ಗಳು (ಸದ್ದನ್ನು ತಿದ್ದುವ ಪುಟ್ಟ ತಂತ್ರಾಂಶಗಳು) ಒಂದರ ಹಿಂದೆ ಒಂದು ಕೆಲಸ ಮಾಡಬೇಕು. ಅವನ್ನು ಹತ್ತು ಕೋರ್‌ಗೆ ಹಂಚಿಬಿಡೋಕೆ ಬರುವುದಿಲ್ಲ. ಟ್ರ್ಯಾಕ್‌ಗಳು ಜಾಸ್ತಿ ಆದಾಗ ಉಳಿದ ಕೋರ್‌ಗಳೂ ಉಪಯೋಗಕ್ಕೆ ಬರುತ್ತವೆ ಅನ್ನಿ. ತಂತಿ ವಾದ್ಯಗಳ ದೊಡ್ಡ ದೊಡ್ಡ ಸ್ಯಾಂಪಲ್ ಲೈಬ್ರರಿಗಳಿಗೆ (ರೆಕಾರ್ಡ್ ಮಾಡಿಟ್ಟ ಸ್ವರಗಳ ಸಂಗ್ರಹಗಳಿಗೆ) 32 ಜಿಬಿ ರ್ಯಾಮ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ಬಲು ಚುರುಕಾದ ಸಂಗ್ರಹ ಡ್ರೈವ್. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಹೇಗೂ ಬೇರೆ. ಇದರಲ್ಲಿ ಅವನಿಗೂ ತಕರಾರಿರಲಿಲ್ಲ.

ತಕರಾರು ಶುರುವಾಗಿದ್ದು ಫ್ಯಾನ್ ವಿಷಯಕ್ಕೆ. "ಸದ್ದಾದ್ರೆ ಹೆಡ್‌ಫೋನ್ ಹಾಕ್ಕೊಳ್ಳಿ ಮಾಮ." ನನಗೇನೋ ಹಾಕಬಹುದು, ಮೈಕಿಗೆ ಹಾಕೋಕಾಗುತ್ತಾ? ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಆನ್ ಮಾಡಿ, ಯಾರೂ ಉಸಿರೆತ್ತದೆ ಸುಮ್ನೆ ರೆಕಾರ್ಡ್ ಮಾಡಿ ಕೇಳಿಸಿದೆ. ಲ್ಯಾಪ್‌ಟಾಪ್ ಫ್ಯಾನಿನ ಸುಯ್ ಅನ್ನುವ ಸದ್ದು ಎಷ್ಟು ನಿಚ್ಚಳ! ಅದರ ಮೇಲೆ ಹಾಡಿ, ಜೋರು-ಮೆಲು ಸದ್ದುಗಳ ಅಂತರ ತಗ್ಗಿಸುವ ಕಂಪ್ರೆಸರ್ ಹಾಕಿ ಮಟ್ಟ ಎತ್ತಿದರೆ ಪಿಸುಮಾತಿನ ಜೊತೆ ಆ ಸುಯ್ ಕೂಡ ಮೇಲೆದ್ದು ಬರುತ್ತದೆ.

ದೊಡ್ಡ ಸ್ಟುಡಿಯೋಗಳಲ್ಲಿ ಯಂತ್ರಗಳನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿಬಿಡುತ್ತಾರೆ. ಹಾಡುವವರು ಒಂದು ಕಡೆ, ಗುಂಡಿ ತಿರುಗಿಸುವವರು ಇನ್ನೊಂದು ಕಡೆ. ಮನೆಯಲ್ಲಿ ಎಲ್ಲರೂ ನಾನೇ. ಹಾಡೋದು, ಎಡಿಟ್ ಮಾಡೋದು, ಸರಿಯಿಲ್ಲ ಅಂತ ಬೈಯೋದು, ಎಲ್ಲ ಒಂದೇ ಕುರ್ಚಿಯಲ್ಲಿ. ಯಂತ್ರವೂ ಕಾಲ ಬುಡದಲ್ಲೇ. ಆದರೂ ಬಿಡಿಭಾಗ ಮಾರುವವರ ಜಾಹೀರಾತು ನೋಡಿ: ವೇಗ, ವೇಗ, ಇನ್ನೂ ವೇಗ, ಜೊತೆಗೆ ಬಣ್ಣದ ದೀಪ. ಎಷ್ಟು ಸದ್ದು ಮಾಡುತ್ತದೆ ಅನ್ನೋದು ಎಲ್ಲೋ ಕೊನೆಯ ಸಾಲಿನಲ್ಲಿ, ಇದ್ದರೆ ಉಂಟು. ಕಣ್ಣಿಗೆ ಮಾರುವುದು ಸುಲಭ, ಅಲ್ವಾ? ಗೆಳೆಯರೂ ಹಾಗೇ. ಹೊಸ ಕಂಪ್ಯೂಟರ್ ಅಂದರೆ ಫೋಟೋ ಕಳಿಸು ಅನ್ನುತ್ತಾರೆ. ಅದರಲ್ಲಿ ಏನು ಮಾಡಿದೆ, ಕೇಳಿಸು ಅಂದವರು ಇನ್ನೂ ಯಾರೂ ಇಲ್ಲ.

ಹುಡುಗ ಸೋಲೊಪ್ಪಿಲ್ಲ. ಮಾರನೇ ದಿನ ಗಾಜಿನ ಗೋಡೆಯ ಕೇಸ್ (ಕಂಪ್ಯೂಟರ್ ಪೆಟ್ಟಿಗೆ) ಒಂದರ ಚಿತ್ರ ಕಳಿಸಿ "ಇದಾದ್ರೂ ಇರ್ಲಿ ಮಾಮ" ಅಂದಿದ್ದಾನೆ. ಕೇಸ್ ಒಂದು ಮಾತ್ರ ನನಗೂ ಇನ್ನೂ ಬಗೆಹರಿದಿಲ್ಲ. ಸದ್ದು ಹೊರಬರದಂತೆ ಮುಚ್ಚಿದರೆ ಒಳಗೆ ಬಿಸಿ ಏರಿ ಫ್ಯಾನ್ ಜೋರಾಗುತ್ತದೆ. ಗಾಳಿಯಾಡಲಿ ಅಂತ ತೆರೆದರೆ ಇರುವ ಸದ್ದೆಲ್ಲ ಹೊರಗೆ. ಸದ್ಯಕ್ಕೆ ತೆರೆದ ಮುಖದ ಕೇಸಿಗೆ ನಿಧಾನವಾಗಿ ತಿರುಗುವ 140 ಮಿಲಿಮೀಟರ್ ಫ್ಯಾನ್ ಹಾಕೋಣ ಅಂತಿದ್ದೇನೆ. ದೀಪ ಮಾತ್ರ ಬೇಡ.